ಮೆಟ್ಟಿಲುಗಳ ದಾರಿ: ಮಾಚು ಪಿಚುವಿಗೆ ನಾಲ್ಕು ದಿನದ ಇಂಕಾ ಹಾದಿ

ಎಲ್ಲರಿಗೂ ನಮಸ್ಕಾರ. ಪೆರು ದೇಶದ ಬೆಟ್ಟಗಳಲ್ಲಿರುವ ಇಂಕಾಗಳ ಹಳೆಯ ಊರು ಮಾಚು ಪಿಚುವಿನ ಚಿತ್ರ ನೋಡದವರು ಈ ಸಭೆಯಲ್ಲಿ ಇರಲಾರರು. ಹಾಗಾಗಿ ಇವತ್ತಿನ ಮಾತು ಆ ಊರಿನ ಬಗ್ಗೆ ಕಡಿಮೆ, ಅಲ್ಲಿಗೆ ಹೋಗುವ ದಾರಿಯ ಬಗ್ಗೆ ಹೆಚ್ಚು. ರೈಲು ಹತ್ತಿ, ಬಸ್ಸು ಹಿಡಿದು, ಬೆಳಗ್ಗೆ ಹೋಗಿ ಸಂಜೆಗೆ ಮರಳಬಹುದಾದ ಜಾಗಕ್ಕೆ ನಾಲ್ಕು ದಿನ ನಡೆದು ಯಾಕೆ ಹೋಗಬೇಕು ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಉತ್ತರ ಇಷ್ಟು: ಅಲ್ಲಿ ದಾರಿಯೇ ಒಂದು ಪ್ರಾಚೀನ ಅವಶೇಷ. ನೀವು ಕಾಲಿಡುವ ಕಲ್ಲುಗಳಲ್ಲಿ ಎಷ್ಟೋ ಐದುನೂರು ವರ್ಷಗಳ ಹಿಂದೆ ಹಾಸಿದವು.

ಇಂಕಾ ಸಾಮ್ರಾಜ್ಯದ ಹೆದ್ದಾರಿ ಜಾಲಕ್ಕೆ ಕಪಾಕ್ ನ್ಯಾನ್ ಎಂದು ಹೆಸರು. ಇಂದಿನ ಕೊಲಂಬಿಯಾದಿಂದ ಅರ್ಜೆಂಟೀನಾ, ಚಿಲಿಯವರೆಗೆ ಆರು ದೇಶಗಳಲ್ಲಿ ಸುಮಾರು 30,000 ಕಿಲೋಮೀಟರು ಹರಡಿದ್ದ ಈ ಜಾಲ 2014ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು. ಮಾಚು ಪಿಚು ಅದಕ್ಕೂ ಮೊದಲೇ, 1983ರಲ್ಲಿ ಸೇರಿತ್ತು. ಇಷ್ಟು ದೊಡ್ಡ ಜಾಲ ಕಟ್ಟಿದವರ ಬಳಿ ಚಕ್ರದ ಬಂಡಿ ಇರಲಿಲ್ಲ, ಕುದುರೆ ಇರಲಿಲ್ಲ. ಹೊರೆ ಹೊತ್ತದ್ದು ಮನುಷ್ಯರ ಬೆನ್ನು ಮತ್ತು ಲಾಮಾ ಎಂಬ ಒಂಟೆ ಜಾತಿಯ ಪ್ರಾಣಿಗಳ ಬೆನ್ನು. ಗಾಡಿ ಓಡಬೇಕಾದ ರಸ್ತೆ ಬೆಟ್ಟವನ್ನು ಬಳಸಿಕೊಂಡು ನಿಧಾನಕ್ಕೆ ಏರುತ್ತದೆ. ಕಾಲ್ನಡಿಗೆಯ ದಾರಿಗೆ ಆ ಮುಲಾಜಿಲ್ಲ, ಕಡಿದಾದ ಕಡೆ ಮೆಟ್ಟಿಲು ಕಟ್ಟಿ ನೇರ ಮೇಲೆ ಹೋಗುತ್ತದೆ, ನೇರ ಕೆಳಗೆ ಇಳಿಯುತ್ತದೆ. ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಈ ಹಾದಿಯಲ್ಲಿ ನಾವು ಬೆರಗಾಗುವುದಕ್ಕೂ ಅದೇ ಕಾರಣ, ಮೂರನೆಯ ದಿನ ಮೊಣಕಾಲು ಹಿಡಿದುಕೊಂಡು ಕೂರುವುದಕ್ಕೂ ಅದೇ ಕಾರಣ.

ಮೊದಲು ಕಾಗದಪತ್ರದ ವಿಚಾರ ಮುಗಿಸೋಣ. ಸ್ವಂತವಾಗಿ ಚೀಲ ಹೆಗಲಿಗೇರಿಸಿ ಹೊರಡುವ ಕಾಲ 2001ರ ಸುಮಾರಿಗೆ ಮುಗಿಯಿತು. ಈಗ ಪರವಾನಗಿ ಪಡೆದ ಸಂಸ್ಥೆಯ ಮೂಲಕ, ಗೈಡ್ ಜೊತೆಯಲ್ಲೇ ಹೋಗಬೇಕು. ದಿನಕ್ಕೆ ಒಟ್ಟು 500 ಜನರಿಗೆ ಮಾತ್ರ ಪ್ರವೇಶ. ಇದರಲ್ಲಿ ಗೈಡು, ಅಡುಗೆಯವರು, ಹೊರೆ ಹೊರುವ ಪೋರ್ಟರ್‌ಗಳೂ ಸೇರಿರುವುದರಿಂದ ಚಾರಣಿಗರ ಪಾಲಿಗೆ ಉಳಿಯುವುದು ಸುಮಾರು 200 ಜಾಗ. ಮೇಯಿಂದ ಆಗಸ್ಟ್‌ವರೆಗಿನ ದಿನಗಳು ಎಷ್ಟೋ ತಿಂಗಳ ಮೊದಲೇ ಭರ್ತಿಯಾಗುತ್ತವೆ. ಪರ್ಮಿಟ್ ನಿಮ್ಮ ಪಾಸ್‌ಪೋರ್ಟಿನ ಹೆಸರು ಮತ್ತು ಸಂಖ್ಯೆಗೆ ಅಂಟಿಕೊಂಡಿರುತ್ತದೆ. ಅದನ್ನು ಬೇರೆಯವರಿಗೆ ವರ್ಗಾಯಿಸಲು ಆಗುವುದಿಲ್ಲ, ದಿನಾಂಕ ಬದಲಿಸಲೂ ಆಗುವುದಿಲ್ಲ. ಹೆಸರಿನ ಮುಂದಿನ ಇನಿಷಿಯಲ್ಲು, ತಂದೆಯ ಹೆಸರು, ಊರಿನ ಹೆಸರು ಇವನ್ನು ಪಾಸ್‌ಪೋರ್ಟಿನಲ್ಲಿ ಒಂದು ಬಗೆ, ಬುಕಿಂಗ್ ಫಾರ್ಮಿನಲ್ಲಿ ಇನ್ನೊಂದು ಬಗೆ ಬರೆಯುವುದು ನಮ್ಮವರ ಹಳೆಯ ಅಭ್ಯಾಸ. ಮೊದಲ ದಿನದ ಚೆಕ್‌ಪೋಸ್ಟಿನಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುತ್ತಾರೆ. ಬುಕಿಂಗ್ ಆದ ಮೇಲೆ ಪಾಸ್‌ಪೋರ್ಟ್ ನವೀಕರಿಸಿದ್ದರೆ ಸಂಸ್ಥೆಗೆ ಮೊದಲೇ ತಿಳಿಸಿ, ಹಳೆಯದನ್ನೂ ಜೊತೆಗಿಟ್ಟುಕೊಳ್ಳಿ. ನಕಲು ಪ್ರತಿ ನಡೆಯುವುದಿಲ್ಲ.

ಯಾವ ತಿಂಗಳು? ಬೆಂಗಳೂರು ಭೂಮಧ್ಯರೇಖೆಯಿಂದ ಸುಮಾರು 13 ಡಿಗ್ರಿ ಉತ್ತರಕ್ಕಿದ್ದರೆ ಮಾಚು ಪಿಚು ಸುಮಾರು 13 ಡಿಗ್ರಿ ದಕ್ಷಿಣಕ್ಕಿದೆ. ನಮ್ಮ ಮಳೆಗಾಲ ಅವರ ಒಣಗಾಲ. ಮೇಯಿಂದ ಸೆಪ್ಟೆಂಬರ್ ಒಣಹವೆ, ಹಗಲು ಬಿಸಿಲು. ಜೂನ್, ಜುಲೈ ರಾತ್ರಿಗಳಲ್ಲಿ ಎತ್ತರದ ಬಿಡಾರಗಳಲ್ಲಿ ನೀರು ಹೆಪ್ಪುಗಟ್ಟುವಷ್ಟು ಚಳಿ. ನವೆಂಬರಿನಿಂದ ಮಾರ್ಚ್‌ವರೆಗೆ ಮಳೆ. ಫೆಬ್ರವರಿಯಲ್ಲಿ ಇಡೀ ಹಾದಿ ದುರಸ್ತಿಗಾಗಿ ಮುಚ್ಚಿರುತ್ತದೆ. ಏಪ್ರಿಲ್ ಕೊನೆ ಮತ್ತು ಮೇ ಮೊದಲ ಭಾಗ ನಮ್ಮ ಮಟ್ಟಿಗೆ ಒಳ್ಳೆಯ ಆಯ್ಕೆ: ಮಳೆ ಹಿಂದೆ ಸರಿದಿರುತ್ತದೆ, ಹಸಿರು ಇನ್ನೂ ಉಳಿದಿರುತ್ತದೆ.

ಈಗ ಎತ್ತರದ ಮಾತು. ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಎಡವುವವರು ಹೆಚ್ಚಾಗಿ ಎಡವುವುದು ಇಲ್ಲೇ. ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ ಸುಮಾರು 1,930 ಮೀಟರು. ಇಂಕಾ ಹಾದಿಯ ಅತಿ ತಗ್ಗಿನ ಜಾಗವೂ ಅದಕ್ಕಿಂತ ಮೇಲಿದೆ. ಅಂದರೆ ಇಲ್ಲಿನ ಬೆಟ್ಟಗಳಲ್ಲಿ ಎಷ್ಟು ಅಭ್ಯಾಸ ಮಾಡಿದರೂ ಕಾಲಿಗೆ ಬಲ ಬರುತ್ತದೆಯೇ ಹೊರತು ಎತ್ತರದ ರೂಢಿ ಬರುವುದಿಲ್ಲ. ವಿಮಾನ ಇಳಿಯುವ ಕುಸ್ಕೊ ನಗರವೇ 3,400 ಮೀಟರಿನಲ್ಲಿದೆ. ಹಾದಿಯ ಅತಿ ಎತ್ತರದ ಕಣಿವೆದಾರಿ, ಅಂದರೆ ಬೆಟ್ಟಸಾಲನ್ನು ದಾಟುವ ಜಾಗ, ಸುಮಾರು 4,200 ಮೀಟರು. ಅಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಸುಮಾರು ಶೇ 60ರಷ್ಟು. ಒಂದು ಉಸಿರಿಗೆ ಸಿಗುವ ಆಮ್ಲಜನಕವೂ ಅಷ್ಟೇ ಪ್ರಮಾಣಕ್ಕೆ ಇಳಿಯುತ್ತದೆ.

ದೇಹ ಇದಕ್ಕೆ ಹೊಂದಿಕೊಳ್ಳುತ್ತದೆ, ಆದರೆ ತನ್ನದೇ ವೇಗದಲ್ಲಿ. ಕನಿಷ್ಠ ಮೂರು ರಾತ್ರಿ ಕೊಡಿ. ಕುಸ್ಕೊದಲ್ಲಿ ಇಳಿದ ದಿನವೇ ಊರು ಸುತ್ತುವ ಬದಲು, ನೇರ ಉರುಬಾಂಬಾ ಕಣಿವೆಗೆ ಇಳಿದು ಓಯಾಂತಾಯ್ತಾಂಬೊ ಊರಿನಲ್ಲಿ ಮಲಗುವುದು ಜಾಣತನ. ಅದು ಸುಮಾರು 2,800 ಮೀಟರು, ಕುಸ್ಕೊಗಿಂತ 600 ಮೀಟರು ತಗ್ಗು. ಮೊದಲ ರಾತ್ರಿಯ ತಲೆನೋವು, ನಿದ್ದೆಗೇಡು ಕಡಿಮೆಯಾಗುತ್ತದೆ. ಎರಡು ರಾತ್ರಿ ಅಲ್ಲಿ ಕಳೆದು ಆಮೇಲೆ ಕುಸ್ಕೊಗೆ ಏರಿದರೆ ಒಳ್ಳೆಯದು. ಆ ದಿನಗಳಲ್ಲಿ ಮದ್ಯ ಬೇಡ, ಹೊಟ್ಟೆ ಬಿರಿಯುವ ಊಟ ಬೇಡ. ಮುಂಜಾಗ್ರತೆಗೆ ಅಸೆಟಜೋಲಮೈಡ್ ಮಾತ್ರೆ ಬಳಸುವವರಿದ್ದಾರೆ. ಸಾಮಾನ್ಯ ಪ್ರಮಾಣ 125 ಮಿಲಿಗ್ರಾಂ, ದಿನಕ್ಕೆರಡು ಬಾರಿ, ಎತ್ತರಕ್ಕೆ ಹೋಗುವ ಹಿಂದಿನ ದಿನದಿಂದ. ವೈದ್ಯರನ್ನು ಕೇಳದೆ ತೆಗೆದುಕೊಳ್ಳಬೇಡಿ. ಸಲ್ಫಾ ಔಷಧಿಗಳ ಅಲರ್ಜಿ ಇದ್ದರೆ ಖಂಡಿತ ಹೇಳಿ. ಮೂತ್ರ ಜಾಸ್ತಿಯಾಗುತ್ತದೆ, ಬೆರಳ ತುದಿ ಜುಮ್ಮೆನ್ನುತ್ತದೆ. ಅವು ಮಾತ್ರೆಯ ಗುಣಗಳು, ಗಾಬರಿ ಬೇಡ. ಕೋಕಾ (ಕೊಕೇನ್ ತೆಗೆಯುವ ಗಿಡ) ಎಲೆಯ ಕಷಾಯ ಅಲ್ಲಿ ಎಲ್ಲೆಡೆ ಸಿಗುತ್ತದೆ, ಕುಡಿದರೆ ಹಿತವೆನಿಸುತ್ತದೆ. ಆದರೆ ಅದು ಎತ್ತರದ ಕಾಯಿಲೆಗೆ ಮದ್ದಲ್ಲ. ಜೊತೆಗೆ, ಕೋಕಾ ಕುಡಿದ ಮೇಲೆ ಕೆಲವು ದಿನ ಮಾದಕವಸ್ತು ಪರೀಕ್ಷೆ ಮಾಡಿಸಿದರೆ ಪಾಸಿಟಿವ್ ಬರಬಹುದು. ಎಲೆಯನ್ನಂತೂ ಚೀಲದಲ್ಲಿಟ್ಟುಕೊಂಡು ದೇಶದಾಚೆ ತರಲೇಬಾರದು.

ತಲೆನೋವು, ವಾಕರಿಕೆ, ಊಟ ಸೇರದಿರುವುದು ಇವು ಸೌಮ್ಯ ಲಕ್ಷಣಗಳು. ವಿಶ್ರಾಂತಿ ತೆಗೆದುಕೊಂಡು, ನೀರು ಕುಡಿದು ಕಾಯಬಹುದು. ಕೂತಿದ್ದರೂ ಏದುಸಿರು, ಬಿಡದ ಕೆಮ್ಮು ಬಂದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿರಬಹುದು. ನಡಿಗೆ ತಟ್ಟಾಡುವುದು, ಮಾತು ಗೊಂದಲವಾಗುವುದು ಮೆದುಳು ಊದಿಕೊಳ್ಳುತ್ತಿರುವ ಸೂಚನೆ. ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನೇರ ಗೆರೆಯಲ್ಲಿ ಹತ್ತು ಹೆಜ್ಜೆ ನಡೆಸಿ ನೋಡಿ. ಆಗದಿದ್ದರೆ ಅನುಮಾನವೇ ಬೇಡ. ಇವಕ್ಕೆಲ್ಲ ನಿಜವಾದ ಚಿಕಿತ್ಸೆ ಒಂದೇ, ಕೆಳಗಿಳಿಯುವುದು. ಗೈಡ್ ಬಳಿಯ ಆಮ್ಲಜನಕದ ಸಿಲಿಂಡರು ಇಳಿಯುವವರೆಗಿನ ಆಸರೆ, ಇಳಿಯುವುದಕ್ಕೆ ಬದಲಿಯಲ್ಲ.

ಇನ್ನು ದಾರಿ. ಶುರುವಾಗುವುದು 82ನೇ ಕಿಲೋಮೀಟರು ಎಂಬ ಜಾಗದಲ್ಲಿ. ಕುಸ್ಕೊದಿಂದ ಬರುವ ರೈಲು ಮಾರ್ಗದ ಕಲ್ಲಿನ ಲೆಕ್ಕ ಅದು. ಅಲ್ಲಿಂದ ಮಾಚು ಪಿಚುವಿಗೆ ಸುಮಾರು 43 ಕಿಲೋಮೀಟರು. ಉರುಬಾಂಬಾ ನದಿಯ ಸೇತುವೆ ದಾಟಿದರೆ ಮೊದಲ ದಿನ ಸುಮಾರು 12 ಕಿಲೋಮೀಟರು, ಹೆಚ್ಚು ಏರಿಲ್ಲ. ಸಂಜೆಗೆ ವಾಯ್ಯಬಾಂಬಾ ಹಳ್ಳಿಯ ಆಸುಪಾಸು, ಸುಮಾರು 3,000 ಮೀಟರು. ನಡುವೆ ಪಾತಯಾಕ್ತ ಎಂಬ ಇಂಕಾ ನೆಲೆಯ ಮೆಟ್ಟಿಲು ಗದ್ದೆಗಳನ್ನು ಮೇಲಿನಿಂದ ನೋಡುತ್ತೀರಿ. ಬಾಗಿದ ನದಿಯಂತೆಯೇ ಬಾಗಿದ ಗದ್ದೆಗಳು. ಸುತ್ತಲ ನೆಲೆಗಳಿಗೆ ಧಾನ್ಯ ಬೆಳೆದದ್ದು ಇಂಥ ಕಡೆ. ಈ ದಿನ ಸುಲಭ ಎನಿಸಿ ಮುಂದೆ ಮುಂದೆ ಓಡುವವರನ್ನು ಗೈಡ್‌ಗಳು ನೋಡಿ ನಗುತ್ತಾರೆ, ಯಾಕೆಂದರೆ ಮರುದಿನ ಹಿಂದೆ ಉಳಿಯುವವರು ಯಾರೆಂದು ಅವರಿಗೆ ಆಗಲೇ ಗೊತ್ತು.

ಎರಡನೆಯ ದಿನ 3,000 ಮೀಟರಿನಿಂದ 4,200 ಮೀಟರಿಗೆ ಏರು. ಒಂದೇ ಉಸಿರಿಗೆ 1,200 ಮೀಟರು! ಕಣಿವೆದಾರಿಯ ಹೆಸರು ವಾರ್ಮಿವಾನ್ಯುಸ್ಕ, ಅಲ್ಲಿನವರ ಕೆಚುವಾ ಭಾಷೆಯಲ್ಲಿ 'ಸತ್ತ ಹೆಂಗಸು'. ಹೆದರಬೇಕಿಲ್ಲ, ಕೆಳಗಿನಿಂದ ನೋಡಿದಾಗ ಬೆಟ್ಟದ ಅಂಚು ಮಲಗಿದ ಹೆಂಗಸಿನಂತೆ ಕಾಣುತ್ತದೆ, ಅದಕ್ಕೆ ಆ ಹೆಸರು. ಏರುವಾಗ ಅಳತೆ ಒಂದೇ: ಪಕ್ಕದವರ ಜೊತೆ ಪೂರ್ತಿ ವಾಕ್ಯ ಆಡಲು ಆಗುವಷ್ಟು ನಿಧಾನ. ಎರಡು ಪದಕ್ಕೇ ಉಸಿರು ಕಡಿದರೆ ವೇಗ ಹೆಚ್ಚಾಯಿತು ಎಂದರ್ಥ. ಹೆಜ್ಜೆ ಚಿಕ್ಕದಿರಲಿ, ಎತ್ತರದ ಮೆಟ್ಟಿಲಿನ ಪಕ್ಕದಲ್ಲಿ ಚಿಕ್ಕ ಕಲ್ಲಿದ್ದರೆ ಒಂದನ್ನು ಎರಡು ಮಾಡಿಕೊಳ್ಳಿ. ಪ್ರತಿ ಹೆಜ್ಜೆಗೂ ಹಿಂದಿನ ಕಾಲನ್ನು ನೆಟ್ಟಗೆ ಮಾಡಿ ಅರೆಕ್ಷಣ ಭಾರವನ್ನು ಎಲುಬಿನ ಮೇಲೆ ಬಿಡಿ, ತೊಡೆಯ ಸ್ನಾಯುವಿಗೆ ಅಷ್ಟೇ ಬಿಡುವು. ಹತ್ತು ನಿಮಿಷ ಕೂರುವುದಕ್ಕಿಂತ ನಿಂತಲ್ಲೇ ಒಂದು ನಿಮಿಷ ತಂಗುವುದು ಮೇಲು. ಕೂತರೆ ಬೆವರು ಆರಿ ಮೈ ತಣ್ಣಗಾಗುತ್ತದೆ, ಮತ್ತೆ ಏಳುವುದೇ ಕೆಲಸವಾಗುತ್ತದೆ.

ಕಣಿವೆದಾರಿಗೆ ಮುಂಚೆ ಸುಮಾರು 3,800 ಮೀಟರಿನಲ್ಲಿ ಯುಯುಚಪಂಪಾ ಎಂಬ ಹುಲ್ಲುಗಾವಲು ಬರುತ್ತದೆ. ಇಡೀ ಚಾರಣದ ದೊಡ್ಡ ತೀರ್ಮಾನ ಆಗಬೇಕಾದ ಜಾಗ ಅದು. ಅಲ್ಲಿಂದ ಹಿಂದಿರುಗಿದರೆ ಪೂರ್ತಿ ಇಳಿಜಾರು. ಕಣಿವೆದಾರಿ ದಾಟಿ ಆಚೆ ಇಳಿದ ಮೇಲೆ ಹಿಂದಿರುಗಬೇಕೆಂದರೆ ಮತ್ತೆ 600 ಮೀಟರು ಏರಿ ದಾಟಬೇಕು. ಮುಂದೆ ಹೋಗಬೇಕೆಂದರೂ ಇನ್ನೊಂದು ಕಣಿವೆದಾರಿ ಇದೆ. ರಸ್ತೆ ಎಲ್ಲೂ ಇಲ್ಲ. ಆರೋಗ್ಯ ಕೆಟ್ಟವರನ್ನು ಹೊತ್ತೇ ಸಾಗಿಸಬೇಕು. ಆದ್ದರಿಂದ 'ಮೇಲೆ ಹೋದ ಮೇಲೆ ಸರಿಹೋಗುತ್ತದೆ' ಎಂದು ಗೈಡ್ ಹತ್ತಿರ ಲಕ್ಷಣ ಮುಚ್ಚಿಡುವುದು ಶುದ್ಧ ಅವಿವೇಕ. ಗೈಡ್ ವಾಪಸ್ ಹೋಗಿ ಎಂದರೆ ಹೋಗಬೇಕು. ಕೊಟ್ಟ ಹಣದ ಮಾತು ಅಲ್ಲಿ ಎತ್ತಬಾರದು.

ಮಧ್ಯಾಹ್ನದ ಇಳಿತಕ್ಕೆ ಬರೋಣ. ಪಕಾಯ್‌ಮಾಯು ಬಿಡಾರ ಸುಮಾರು 3,600 ಮೀಟರು, ಅಲ್ಲಿಯವರೆಗೂ ಕಲ್ಲಿನ ಮೆಟ್ಟಿಲು. ಎಲ್ಲರೂ ಏರಿಗೆ ತಯಾರಾಗಿ ಬರುತ್ತಾರೆ, ಕಾಲು ಸೋಲುವುದು ಇಳಿಯುವಾಗ. ಏರುವಾಗ ತೊಡೆಯ ಸ್ನಾಯು ಕುಗ್ಗುತ್ತಾ ಕೆಲಸ ಮಾಡಿದರೆ ಇಳಿಯುವಾಗ ಹಿಗ್ಗುತ್ತಾ ಬ್ರೇಕ್ ಹಾಕುತ್ತದೆ. ಎಳೆಗಳು ಹರಿಯುವುದು, ಮರುದಿನ ನೋಯುವುದು ಈ ಬ್ರೇಕಿನಿಂದ. ಹಾಗಾಗಿ ಹೊರಡುವ ಎರಡು ತಿಂಗಳ ಮೊದಲಿನಿಂದ ಮೆಟ್ಟಿಲು ಇಳಿಯುವ ಅಭ್ಯಾಸ ಮಾಡಿ. ಬಹುಮಹಡಿ ಕಟ್ಟಡದಲ್ಲಿ ಲಿಫ್ಟಿನಲ್ಲಿ ಮೇಲೆ ಹೋಗಿ, ಬೆನ್ನಿಗೆ ಐದು ಕಿಲೋ ಹಾಕಿಕೊಂಡು ನಡೆದು ಇಳಿಯಿರಿ. ನೋಡಿದವರು ತಲೆಕೆಟ್ಟಿದೆ ಎಂದುಕೊಳ್ಳಲಿ.

ಊರುಗೋಲು ಎರಡು ಬೇಕು. ಏರುವಾಗ ಮೊಣಕೈ ಲಂಬಕೋನದಲ್ಲಿ ಬಾಗುವಷ್ಟು ಉದ್ದ, ಇಳಿಯುವಾಗ ಅದಕ್ಕಿಂತ 5ರಿಂದ 10 ಸೆಂಟಿಮೀಟರು ಜಾಸ್ತಿ. ಮೊದಲು ಎರಡೂ ಕೋಲು ಕೆಳಗಿನ ಮೆಟ್ಟಿಲಿಗೆ, ಆಮೇಲೆ ಕಾಲು. ತುದಿಗೆ ರಬ್ಬರ್ ಟೊಪ್ಪಿ ಕಡ್ಡಾಯ, ಲೋಹದ ಮೊನೆ ಕಲ್ಲನ್ನು ಕೆತ್ತುತ್ತದೆ. ಆ ಟೊಪ್ಪಿ ದಾರಿಯಲ್ಲಿ ಕಳಚಿ ಬೀಳುವುದು ಮಾಮೂಲು, ಒಂದು ಜೊತೆ ಹೆಚ್ಚಿಗೆ ಇಟ್ಟುಕೊಂಡಿರಿ. ಬೂಟಿನ ಮೂತಿಗೆ ಹೆಬ್ಬೆರಳು ಬಡಿದು ಉಗುರು ಕಪ್ಪಾಗುವುದು ಇಳಿತದ ಇನ್ನೊಂದು ಕಾಣಿಕೆ. ಬೂಟು ಅರ್ಧ ಅಳತೆ ದೊಡ್ಡದಿರಲಿ, ಹೊರಡುವ ಮುನ್ನ ಉಗುರು ಕತ್ತರಿಸಿ, ಇಳಿಯುವ ಮುಂಚೆ ಹಿಮ್ಮಡಿ ಅಲುಗಾಡದಂತೆ ಲೇಸನ್ನು ಕಣಕಾಲಿನ ಹತ್ತಿರ ಬಿಗಿಯಿರಿ. ಹೊಸ ಬೂಟು ಹಾಕಿಕೊಂಡು ಹೋಗುವವರಿಗೆ ಹೇಳುವುದೇನೂ ಇಲ್ಲ, ಬೂಟೇ ಹೇಳುತ್ತದೆ.

ಮೂರನೆಯ ದಿನ ದೂರ ಹೆಚ್ಚು, ಸುಮಾರು 16 ಕಿಲೋಮೀಟರು. ಕಲ್ಲಿನ ಕೆಲಸ ನೋಡುವುದಕ್ಕೆ ಇದೇ ದಿನ. ಬಿಡಾರದಿಂದ ಏರುವಾಗ ಮೊದಲು ಸಿಗುವುದು ರುಂಕುರಕಾಯ್, ದುಂಡನೆಯ ಗೋಡೆಗಳ ಪುಟ್ಟ ಕಟ್ಟಡ. ಪ್ರಯಾಣಿಕರ ತಂಗುದಾಣ ಆಗಿದ್ದಿರಬೇಕು ಎಂಬುದು ಸಾಮಾನ್ಯ ಅಭಿಪ್ರಾಯ. ಎರಡನೆಯ ಕಣಿವೆದಾರಿ ದಾಟಿದ ಮೇಲೆ ಸಯಕ್‌ಮಾರ್ಕ, ಬಂಡೆಯ ಮೂಗಿನ ಮೇಲೆ ಕೂತ ನೆಲೆ. ಹತ್ತಲು ಇರುವುದು ಒಂದೇ ಕಡಿದಾದ ಮೆಟ್ಟಿಲ ಸಾಲು. ಸುಸ್ತಾಗಿದೆ ಎಂದು ಕೆಳಗೇ ಕೂರುವವರು ಬಹಳ. ದಯವಿಟ್ಟು ಹತ್ತಿ, ಚೀಲ ಕೆಳಗಿಟ್ಟು ಹೋದರೆ ಕಷ್ಟವಿಲ್ಲ. ಅಲ್ಲಿಂದ ಮುಂದೆ ದಾರಿ ಜೌಗು ನೆಲದ ಮೇಲೆ ಎತ್ತರಿಸಿದ ಕಲ್ಲುಹಾಸಿನಲ್ಲಿ ಸಾಗುತ್ತದೆ, ಬಂಡೆ ಕೊರೆದ ಸುರಂಗವೊಂದರೊಳಗೆ ನುಗ್ಗುತ್ತದೆ. ಇಲ್ಲಿ ಕಾಲಿನ ಕೆಳಗೆ ನೋಡಿ. ಪ್ರಪಾತದ ಕಡೆಗೆ ತಡೆಗೋಡೆ, ಅದರ ಹಿಂದೆ ತುಂಬಿದ ಕಲ್ಲುಮಣ್ಣು, ಅಡ್ಡಕ್ಕೆ ನೀರು ಹಾಯಲು ಬಿಟ್ಟ ಕಂಡಿಗಳು. ಇಷ್ಟು ಮಳೆ ಬೀಳುವ ಇಳಿಜಾರಿನಲ್ಲಿ ದಾರಿ ಉಳಿದದ್ದು ಮೇಲಿನ ಚಂದದ ಕಲ್ಲಿನಿಂದಲ್ಲ, ನೀರಿಗೆ ದಾರಿ ಮಾಡಿಕೊಟ್ಟದ್ದರಿಂದ. ಮಾಚು ಪಿಚುವಿನಲ್ಲೂ ಇದೇ ಬುದ್ಧಿ: ಬುಗ್ಗೆಯ ನೀರು 749 ಮೀಟರು ಉದ್ದದ ಕಾಲುವೆಯಲ್ಲಿ ಊರೊಳಕ್ಕೆ ಬಂದು 16 ಕಾರಂಜಿಗಳಲ್ಲಿ ಒಂದರಿಂದ ಒಂದಕ್ಕೆ ಇಳಿಯುತ್ತದೆ.

ಆಮೇಲೆ ಪುಯುಪಾತಾಮಾರ್ಕ, 'ಮೋಡಗಳ ಮೇಲಿನ ಊರು', ಸುಮಾರು 3,650 ಮೀಟರು. ಅಲ್ಲಿಂದ ರಾತ್ರಿಯ ಬಿಡಾರ ವಿನ್ಯಾಯ್ ವಾಯ್ನಕ್ಕೆ ಸುಮಾರು 1,000 ಮೀಟರು ಇಳಿತ, ಬಹುತೇಕ ಮೆಟ್ಟಿಲು. ಹಿಂದಿನ ದಿನದ ಮಾತೆಲ್ಲ ಇಲ್ಲಿ ನೆನಪಾಗುತ್ತದೆ. ಸದಾ ಮೋಡ ಕವಿಯುವ ತೇವದ ಕಾಡು ಶುರುವಾಗುವುದರಿಂದ ಕಲ್ಲು ಪಾಚಿಗಟ್ಟಿ ಜಾರುತ್ತದೆ. ಪಾದ ಪೂರ್ತಿ ಊರಿ, ಮೆಟ್ಟಿಲಿನ ಅಂಚಿಗೆ ಮಾತ್ರ ಊರಬೇಡಿ. ಪೋರ್ಟರ್‌ಗಳು ಹಿಂದಿನಿಂದ ಓಡಿ ಬಂದರೆ ಬೆಟ್ಟದ ಗೋಡೆಯ ಕಡೆಗೆ ಸರಿಯಿರಿ, ಪ್ರಪಾತದ ಕಡೆಗಲ್ಲ. ಸಂಜೆ ಆರರ ಸುಮಾರಿಗೆ ಕತ್ತಲಾಗುತ್ತದೆ. ಹೆಡ್‌ಲ್ಯಾಂಪು ಬಿಡಾರಕ್ಕೆ ಹೋಗುವ ಚೀಲದಲ್ಲಲ್ಲ, ಬೆನ್ನ ಮೇಲಿನ ಚೀಲದಲ್ಲಿರಲಿ. ಬೆಳಕಿದ್ದಾಗಲೇ ಮುಟ್ಟಿದರೆ ವಿನ್ಯಾಯ್ ವಾಯ್ನದ ಗದ್ದೆಗಳನ್ನು ನೋಡಿ. ಹೆಸರಿನ ಅರ್ಥ 'ಸದಾ ಯೌವನ', ಅಲ್ಲಿನ ಒಂದು ಆರ್ಕಿಡ್ ಹೂವಿಗೂ ಅದೇ ಹೆಸರು. ಒಳಬಾಗಿದ ಬೊಗಸೆಯಂತೆ ಬೆಟ್ಟವನ್ನು ಹಿಡಿದ ಗದ್ದೆ, ನಡುವೆ ಇಳಿಯುವ ಕಾರಂಜಿಗಳ ಸಾಲು. ನಮ್ಮನ್ನು ಕೇಳಿದರೆ ಮಾಚು ಪಿಚುವಿಗಿಂತ ಒಂದು ತೂಕ ಹೆಚ್ಚೇ, ಯಾಕೆಂದರೆ ಅಲ್ಲಿ ನೂಕುನುಗ್ಗಲಿಲ್ಲ.

ಪೋರ್ಟರ್‌ಗಳ ವಿಷಯ ಬಂತು. 16 ಜನ ಒಂದು ತಂಡದ ಮಿತಿ. ಅಂಥ ತಂಡದ ಹಿಂದೆ 20ಕ್ಕೂ ಹೆಚ್ಚು ಪೋರ್ಟರ್‌ಗಳು ಡೇರೆ, ಗ್ಯಾಸು, ಪಾತ್ರೆ, ದಿನಸಿ ಹೊತ್ತು ನಡೆಯುತ್ತಾರೆ. ಹೆಚ್ಚಿನವರು ಸುತ್ತಲ ಹಳ್ಳಿಗಳ ಕೆಚುವಾ ರೈತರು. ಹೊರೆಯ ಮಿತಿ ಗಂಡಸರಿಗೆ 20 ಕಿಲೋ, ಹೆಂಗಸರಿಗೆ 15 ಕಿಲೋ. ಚೆಕ್‌ಪೋಸ್ಟಿನಲ್ಲಿ ತೂಗುತ್ತಾರೆ. ನಿಮ್ಮ ಪಾಲಿಗೆ ಸಂಸ್ಥೆಗಳು ಸಾಮಾನ್ಯವಾಗಿ ಕೊಡುವುದು 7 ಕಿಲೋ, ಅದರಲ್ಲಿ ಸ್ಲೀಪಿಂಗ್ ಬ್ಯಾಗು ಮತ್ತು ಹಾಸು ಸೇರಿ 3 ಕಿಲೋ ಹೋಯಿತು. ಉಳಿದ 4 ಕಿಲೋದಲ್ಲಿ ನಾಲ್ಕು ದಿನದ ಬಟ್ಟೆ. ಹೊರಡುವ ಮುನ್ನ ಮನೆಯಲ್ಲೇ ತೂಗಿ ನೋಡಿ. ಅತಿ ಅಗ್ಗದ ಸಂಸ್ಥೆ ಹುಡುಕುವವರಿಗೆ ಒಂದು ಮಾತು: ಪರ್ಮಿಟ್, ರೈಲು, ಪ್ರವೇಶದ ಶುಲ್ಕ ಯಾರಿಗೂ ಕಡಿಮೆಯಾಗುವುದಿಲ್ಲ. ಹಾಗಿದ್ದರೆ ಉಳಿತಾಯ ಎಲ್ಲಿಂದ ಬರುತ್ತದೆ? ಪೋರ್ಟರ್‌ನ ಕೂಲಿಯಿಂದ, ಅವನ ಊಟದಿಂದ, ಅವನ ಹಾಸಿಗೆಯಿಂದ. ಪೋರ್ಟರ್‌ಗಳು ಎಲ್ಲಿ ಮಲಗುತ್ತಾರೆ, ಅವರಿಗೆ ಹಾಸು, ಮಳೆಯಂಗಿ ಇದೆಯೇ ಎಂದು ಬುಕಿಂಗ್ ಮುಂಚೆ ಕೇಳಿ. ಉತ್ತರ ತಡವರಿಸಿದರೆ ಬೇರೆ ಕಡೆ ನೋಡಿ. ಕೊನೆಯ ಸಂಜೆ ತಂಡವೆಲ್ಲ ಸೇರಿ ಭಕ್ಷೀಸು ಕೊಡುವ ರೂಢಿ ಇದೆ. ಪೆರುವಿನ ಹಣವಾದ ಸೋಲ್‌ನ ಸಣ್ಣ ನೋಟುಗಳನ್ನು ಕುಸ್ಕೊದಲ್ಲೇ ಮಾಡಿಸಿಕೊಳ್ಳಿ, ಬೆಟ್ಟದಲ್ಲಿ ಚಿಲ್ಲರೆ ಸಿಗುವುದಿಲ್ಲ.

ಬೆನ್ನ ಮೇಲಿನ ಚೀಲದಲ್ಲಿ ಎರಡು ಲೀಟರು ನೀರು, ಮಳೆಯಂಗಿ, ಒಂದು ಬೆಚ್ಚನೆ ಅಂಗಿ, ಟೊಪ್ಪಿ, ಸನ್‌ಸ್ಕ್ರೀನು, ಓಆರ್‌ಎಸ್ ಪೊಟ್ಟಣ, ಟೇಪು, ಪಾಸ್‌ಪೋರ್ಟು. ಪಾದದಲ್ಲಿ ಬಿಸಿ ಎನಿಸಿದ ಕ್ಷಣವೇ ನಿಂತು ಟೇಪು ಹಾಕಿ, ಬೊಬ್ಬೆ ಎದ್ದ ಮೇಲೆ ಹಾಕಿ ಪ್ರಯೋಜನ ಕಡಿಮೆ. ಕುದಿಸಿದ ನೀರನ್ನು ಬಿಡಾರದಲ್ಲಿ ಕೊಡುತ್ತಾರೆ. ದಾರಿಯಲ್ಲಿ ವಿದ್ಯುತ್ತಿಲ್ಲ. ಚಳಿಗೆ ಬ್ಯಾಟರಿ ಬೇಗ ಬತ್ತುತ್ತದೆ, ರಾತ್ರಿ ಫೋನು, ಪವರ್‌ಬ್ಯಾಂಕನ್ನು ಸ್ಲೀಪಿಂಗ್ ಬ್ಯಾಗಿನೊಳಗೇ ಮಲಗಿಸಿ. ಸಸ್ಯಾಹಾರಿಗಳು ಬುಕಿಂಗ್ ಸಮಯದಲ್ಲೇ ಹೇಳಬೇಕು, ಮೊಟ್ಟೆ, ಮೀನು ಬೇಡವೆಂದರೆ ಅದನ್ನೂ ಬಿಡಿಸಿ ಹೇಳಬೇಕು. ಹೇಳಿದರೆ ಅಡುಗೆಯವರು ಆಲೂಗಡ್ಡೆ, ಕಿನೋವಾ, ಕಾಳುಗಳಲ್ಲಿ ಚೆನ್ನಾಗಿಯೇ ಉಣಿಸುತ್ತಾರೆ.

ನಾಲ್ಕನೆಯ ದಿನ ನಸುಕಿನ ಮೂರೂವರೆಗೆ ಎಬ್ಬಿಸುತ್ತಾರೆ. ಸೂರ್ಯೋದಯಕ್ಕಾಗಿ ಎಂದು ಚಾರಣಿಗರು ತಿಳಿಯುತ್ತಾರೆ. ಪೋರ್ಟರ್‌ಗಳು ಡೇರೆ ಮಡಚಿ, ಕಣಿವೆಗಿಳಿದು ಬೆಳಗಿನ ರೈಲು ಹಿಡಿಯಬೇಕಾದ್ದೂ ಒಂದು ಕಾರಣ. ಗೇಟು ತೆರೆಯುವುದು ಐದೂವರೆಗೆ, ಅಲ್ಲಿಯವರೆಗೆ ಕತ್ತಲಲ್ಲಿ ಸರದಿ. ತೆರೆದ ಕೂಡಲೇ ಓಡುವುದು ಅಪಾಯ: ದಾರಿ ಕಿರಿದು, ಒಂದು ಬದಿ ಪ್ರಪಾತ. ಒಂದು ಗಂಟೆ ನಡೆದು, ಕೈಯೂರಿ ಹತ್ತಬೇಕಾದಷ್ಟು ಕಡಿದಾದ ಸುಮಾರು 50 ಮೆಟ್ಟಿಲು ಏರಿದರೆ ಇಂತಿಪುಂಕು, ಸೂರ್ಯದ್ವಾರ. ಕೆಳಗೆ ಮಾಚು ಪಿಚು. ಮಂಜು ಮುಚ್ಚಿದ್ದರೆ ಬೇಸರ ಬೇಡ, ಅರ್ಧ ಗಂಟೆ ಕಾಯಿರಿ; ಬಿಸಿಲೇರಿದಂತೆ ಹರಿಯುವುದು ಹೆಚ್ಚು.

ಕೆಳಗಿಳಿದ ಮೇಲೆ 40 x 35 x 20 ಸೆಂಟಿಮೀಟರಿಗಿಂತ ದೊಡ್ಡ ಚೀಲ ಒಳಗೆ ಬಿಡುವುದಿಲ್ಲ, ಗೇಟಿನ ಬಳಿ ಇಡಬೇಕು. ಶೌಚಾಲಯವೂ ಗೇಟಿನ ಹೊರಗೆ ಮಾತ್ರ. ಒಳಗೆ ನಡೆಯುವ ಮಾರ್ಗಗಳು ನಿಗದಿಯಾಗಿವೆ, ನಿಮ್ಮ ಪರ್ಮಿಟ್ಟಿಗೆ ಯಾವುದು ಸೇರಿದೆ ಎಂದು ಮೊದಲೇ ಕೇಳಿಕೊಳ್ಳಿ. ವಾಯ್ನ ಪಿಚು ಶಿಖರಕ್ಕೆ ಬೇರೆ ಟಿಕೆಟ್, ಆದರೆ ನಾಲ್ಕು ದಿನ ಇಳಿದ ಕಾಲಿಗೆ ಅದೇ ದಿನ ಆ ಮೆಟ್ಟಿಲು ಬೇಡವೆಂದೇ ನಮ್ಮ ಸಲಹೆ. ಕಣ್ಣಿಗೆ ಬೇಗ ಕಾಣದಷ್ಟು ಚಿಕ್ಕ ಕಪ್ಪು ನೊಣಗಳು ಅಲ್ಲಿ ಕಚ್ಚುತ್ತವೆ, ತುರಿಕೆ ದಿನಗಟ್ಟಲೆ ಇರುತ್ತದೆ. ಬಿಸಿಲೆಂದು ಚಡ್ಡಿ ಹಾಕಬೇಡಿ. ಹಿಂದಿರುಗುವಾಗ ಆಗ್ವಾಸ್ ಕಾಲಿಯೆಂತೆಸ್ ಊರಿಗೆ ನಡೆದಿಳಿಯುವ ಮೆಟ್ಟಿಲ ದಾರಿಯೂ ಇದೆ, ಇನ್ನೂ ಸುಮಾರು 400 ಮೀಟರು ಇಳಿತ. ಬಸ್ಸು ಅರ್ಧ ಗಂಟೆಯೊಳಗೆ ಇಳಿಸುತ್ತದೆ. ಬಸ್ಸು ಹತ್ತಿ.